ಕ್ರೀಡಾ ಬಹಿಷ್ಕಾರ: ಬೆಲೆ ತೆರುವವರು ಯಾರು?

ಮಂಡ್ಯ ಜಿಲ್ಲೆ ಮದ್ದೂರು ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್ 11ರಂದು ಟಿ. ಸಿದ್ದಲಿಂಗಯ್ಯನವರು ಮೈಸೂರು ಸರ್ಕಾರದ ನಿಷೇಧವನ್ನು ಧಿಕ್ಕರಿಸಿ ತ್ರಿವರ್ಣ ಧ್ವಜ ಹಾರಿಸಿದರು, ಬಂಧನಕ್ಕೂ ಒಳಗಾದರು. ಧ್ವಜ ಸತ್ಯಾಗ್ರಹವೆಂದು ಹೆಸರಾದ ಆ ಹೋರಾಟದಲ್ಲಿ ನಿರ್ಧಾರ ಕೈಗೊಂಡವರೇ ಅದರ ಬೆಲೆಯನ್ನೂ ತೆತ್ತರು. ಮಾನವ ಹಕ್ಕುಗಳ ಹೆಸರಿನಲ್ಲಿ ನಡೆಯುವ ಕ್ರೀಡಾ ಬಹಿಷ್ಕಾರದಲ್ಲಿ ಹೀಗಾಗುವುದು ಅಪರೂಪ. ಅಲ್ಲಿ ನಿರ್ಧಾರ ಸಾಮಾನ್ಯವಾಗಿ ಸರ್ಕಾರ ಅಥವಾ ಕ್ರೀಡಾ ಸಂಸ್ಥೆಯದ್ದು. ನಷ್ಟ ಮಾತ್ರ ಆಟಗಾರನದ್ದು. ಹಾಗಿದ್ದರೂ ಬಹಿಷ್ಕಾರ ಸರಿಯೇ? ಇತಿಹಾಸ ಎರಡೂ ಬಗೆಯ ಉತ್ತರ ನೀಡುತ್ತದೆ.

ಕೈತಪ್ಪಿದ ಡೇವಿಸ್ ಕಪ್

1974ರಲ್ಲಿ ಭಾರತ ಡೇವಿಸ್ ಕಪ್ ಟೆನಿಸ್‌ನ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿನ ವರ್ಣಭೇದ ನೀತಿಯನ್ನು ವಿರೋಧಿಸಿ ಭಾರತ ಕಣಕ್ಕಿಳಿಯಲಿಲ್ಲ. ಕಪ್ ಆಟವಿಲ್ಲದೆಯೇ ದಕ್ಷಿಣ ಆಫ್ರಿಕಾದ ಪಾಲಾಯಿತು. ವಿಜಯ್ ಮತ್ತು ಆನಂದ್ ಅಮೃತರಾಜ್ ಸೋದರರಿದ್ದ ತಂಡಕ್ಕೆ ಅದು ದೊಡ್ಡ ಅವಕಾಶವಾಗಿತ್ತು. ಭಾರತ ಡೇವಿಸ್ ಕಪ್ಪನ್ನು ಇಂದಿಗೂ ಗೆದ್ದಿಲ್ಲ.

ಕನ್ನಡಿಗರು ಆಡದ ನೆಲ

ಕ್ರಿಕೆಟ್‌ನಲ್ಲಿಯೂ ಇದೇ ನಿಲುವು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕಿರ್ಮಾನಿ ಅವರಂತಹ ಕರ್ನಾಟಕದ ದಿಗ್ಗಜರು ದಕ್ಷಿಣ ಆಫ್ರಿಕಾ ವಿರುದ್ಧ ಒಂದೂ ಟೆಸ್ಟ್ ಆಡದೆ ನಿವೃತ್ತರಾದರು. ಮಂಡೇಲಾ ಬಿಡುಗಡೆಯಾಗಿ, ವರ್ಣಭೇದದ ಕಾನೂನುಗಳು ರದ್ದಾಗತೊಡಗಿದ ನಂತರವೇ ಸಂಬಂಧ ಬೆಳೆಯಿತು. 1992ರ ನವೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್ ಟೆಸ್ಟ್‌ನ ಎರಡನೇ ಇನಿಂಗ್ಸ್‌ನಲ್ಲಿ ಅನಿಲ್ ಕುಂಬ್ಳೆ 6 ವಿಕೆಟ್ ಪಡೆದರು. ಹಿರಿಯರಿಗೆ ಮುಚ್ಚಿದ್ದ ಬಾಗಿಲು ಕಿರಿಯರಿಗೆ ತೆರೆದಿತ್ತು.

ಈ ಬಹಿಷ್ಕಾರ ಪರಿಣಾಮ ಬೀರಲು ಕಾರಣಗಳಿದ್ದವು. ಅನ್ಯಾಯ ಕ್ರೀಡಾಂಗಣದೊಳಗೇ ಇತ್ತು: ಕರಿಯರಿಗೆ ರಾಷ್ಟ್ರೀಯ ತಂಡದಲ್ಲಿ ಸ್ಥಾನವಿರಲಿಲ್ಲ. ಬಹಿಷ್ಕಾರಕ್ಕೆ ಕರೆ ನೀಡಿದವರಲ್ಲಿ ಡೆನಿಸ್ ಬ್ರೂಟಸ್ ಅವರಂತಹ ಅಲ್ಲಿನ ಹೋರಾಟಗಾರರೇ ಇದ್ದರು. ಒಲಿಂಪಿಕ್ ಸಮಿತಿ 1970ರಲ್ಲಿ ಆ ದೇಶವನ್ನು ಹೊರಹಾಕಿತು. ಭಾರತವಂತೂ 1946ರಲ್ಲೇ ವ್ಯಾಪಾರ ಸಂಬಂಧ ಕಡಿದುಕೊಂಡಿತ್ತು. ಆಟಗಾರರ ತ್ಯಾಗ ಒಂಟಿಯಾಗಿರಲಿಲ್ಲ.

ಮಾಸ್ಕೋ ಕಲಿಸಿದ ಪಾಠ

ಇನ್ನೊಂದು ಮುಖವೂ ಇದೆ. ಅಫ್ಘಾನಿಸ್ತಾನದ ಮೇಲಿನ ಸೋವಿಯತ್ ಆಕ್ರಮಣವನ್ನು ಪ್ರತಿಭಟಿಸಿ ಅಮೆರಿಕ ಮತ್ತಿತರ ರಾಷ್ಟ್ರಗಳು 1980ರ ಮಾಸ್ಕೋ ಒಲಿಂಪಿಕ್ಸ್‌ನಿಂದ ದೂರ ಉಳಿದವು. ಸೋವಿಯತ್ ಸೇನೆ ಅಫ್ಘಾನಿಸ್ತಾನ ಬಿಟ್ಟದ್ದು 1989ರಲ್ಲಿ. ಮರುಒಲಿಂಪಿಕ್ಸ್‌ನಲ್ಲಿ, 1984ರಲ್ಲಿ, ಸೋವಿಯತ್ ಬಣ ಲಾಸ್ ಏಂಜಲೀಸ್‌ಗೆ ಹೋಗದೆ ಸೇಡು ತೀರಿಸಿಕೊಂಡಿತು. ಎರಡೂ ಬಾರಿ ಸೋತವರು ಕ್ರೀಡಾಪಟುಗಳು. ಮಾಸ್ಕೋಗೆ ಹೋದ ಭಾರತ ಹಾಕಿಯಲ್ಲಿ ಚಿನ್ನ ಗೆದ್ದಿತು; ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಪಾಕಿಸ್ತಾನ, ಪಶ್ಚಿಮ ಜರ್ಮನಿಯಂತಹ ಪ್ರಬಲ ತಂಡಗಳು ಅಲ್ಲಿರಲಿಲ್ಲ ಎಂಬುದೂ ನಿಜ.

ಪಂತುಕೊಡದ ಪ್ರತಿಭಟನೆ

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಫುಟ್‌ಬಾಲ್ ನಾಯಕ ಬೈಚುಂಗ್ ಭುಟಿಯಾ ಟಿಬೆಟಿಯನ್ನರಿಗೆ ಬೆಂಬಲವಾಗಿ ಒಲಿಂಪಿಕ್ ಜ್ಯೋತಿ ಹಿಡಿಯಲು ನಿರಾಕರಿಸಿದರು. ಬೈಲಕುಪ್ಪೆ, ಮುಂಡಗೋಡಗಳಲ್ಲಿ ದಶಕಗಳಿಂದ ನಿರಾಶ್ರಿತರನ್ನು ಕಂಡ ಕರ್ನಾಟಕಕ್ಕೆ ಈ ನೋವು ಅಪರಿಚಿತವಲ್ಲ. ಭುಟಿಯಾ ಅವರ ನಿರ್ಧಾರ ಅವರದ್ದೇ ಆಗಿತ್ತು. ಇನ್ನಾರ ಅವಕಾಶವನ್ನೂ ಅದು ಕಸಿಯಲಿಲ್ಲ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ಗಾಲ್ವಾನ್ ಸಂಘರ್ಷದಲ್ಲಿದ್ದ ಚೀನಾದ ಸೇನಾಧಿಕಾರಿಗೆ ಜ್ಯೋತಿ ಹಿಡಿಯುವ ಗೌರವ ನೀಡಿದ್ದನ್ನು ಖಂಡಿಸಿ ಭಾರತದ ರಾಜತಾಂತ್ರಿಕರು ಸಮಾರಂಭಗಳಿಂದ ದೂರ ಉಳಿದರು. ಸ್ಕೀಯಿಂಗ್ ಪಟು ಆರಿಫ್ ಖಾನ್ ಮಾತ್ರ ಸ್ಪರ್ಧಿಸಿದರು.

ಯಾವಾಗ ಸರಿ?

ಅನ್ಯಾಯಕ್ಕೊಳಗಾದವರೇ ಕೇಳಿದಾಗ, ಎಲ್ಲರೂ ಜತೆಗೂಡಿದಾಗ, ಸರ್ಕಾರವೂ ತನ್ನ ವ್ಯಾಪಾರದಲ್ಲಿ ನಷ್ಟ ಹೊರಲು ಸಿದ್ಧವಿದ್ದಾಗ ಬಹಿಷ್ಕಾರಕ್ಕೆ ಬಲ ಬರುತ್ತದೆ. ವಹಿವಾಟು ಎಂದಿನಂತೆ ಸಾಗುತ್ತಿರುವಾಗ ಓಟಗಾರ್ತಿಯೊಬ್ಬಳನ್ನು ಮಾತ್ರ ಮನೆಯಲ್ಲಿ ಕೂರಿಸುವುದು ಅಗ್ಗದ ಪ್ರತಿಭಟನೆ. ಒಬ್ಬ ಕ್ರೀಡಾಪಟುವಿಗೆ ಉತ್ತುಂಗದ ವರ್ಷಗಳು ನಾಲ್ಕೈದು ಮಾತ್ರ. ಮನಸ್ಸಾಕ್ಷಿಗಾಗಿ ಅವನ್ನು ಬಿಟ್ಟುಕೊಡುವವರನ್ನು ಗೌರವಿಸಬೇಕು. ಬಿಟ್ಟುಕೊಡೆಂದು ಬಲವಂತ ಮಾಡಬಾರದು. ಶಿವಪುರದಲ್ಲಿ ಜೈಲಿಗೆ ಹೋದವರನ್ನು ಬೇರಾರೂ ಕಳುಹಿಸಿರಲಿಲ್ಲ, ಅವರೇ ಹೋಗಿದ್ದರು.