ಏರಿದ ಬಾಡಿ, ಏರದ ಹೆಗಲು

ಸರಕು ಗಾಡಿಯ ಬಾಡಿ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಎಂಬ ಪ್ರಶ್ನೆ ಅಮೆರಿಕದಲ್ಲಿ ಮೋಟಾರಿಗಿಂತ ಹಳೆಯದು. ಕುದುರೆ ಬಂಡಿಗಳ ಕಾಲದಲ್ಲಿ ಹಳ್ಳಿಯ ದಾರಿಗಳೆಲ್ಲ ಮಣ್ಣಿನವು. ದೊಡ್ಡ ಚಕ್ರ ಕೆಸರಿನಲ್ಲಿ ಹೆಚ್ಚು ಹೂತುಕೊಳ್ಳದೆ ಉರುಳುತ್ತಿತ್ತು, ಕುದುರೆಗೆ ಎಳೆತ ಹಗುರವಾಗುತ್ತಿತ್ತು. ಆದರೆ ಚಕ್ರದ ಜೊತೆಗೆ ಬಂಡಿಯ ಹಲಗೆಯೂ ಏರುತ್ತಿದ್ದುದರಿಂದ ಕುದುರೆಗೆ ಉಳಿದ ಶ್ರಮ ಮೂಟೆ ಎತ್ತುವವನ ಪಾಲಿಗೆ ಬರುತ್ತಿತ್ತು. ಇಲಿನಾಯ್ ರಾಜ್ಯದ ಕ್ವಿನ್ಸಿಯಲ್ಲಿದ್ದ ಎಲೆಕ್ಟ್ರಿಕ್ ವೀಲ್ ಕಂಪನಿ ಸಣ್ಣ ಉಕ್ಕಿನ ಚಕ್ರಗಳ ತಗ್ಗು ಬಂಡಿಗಳನ್ನು ರೈತರಿಗೆ ಮಾರಿದ್ದು ಈ ಕಷ್ಟಕ್ಕೆ ಪರಿಹಾರವಾಗಿಯೇ. ಮಿಸೌರಿಯ ಕೃಷಿ ಪ್ರಯೋಗ ಕೇಂದ್ರ 20ನೇ ಶತಮಾನದ ಆರಂಭದಲ್ಲಿ ಎರಡೂ ಬಗೆಯ ಬಂಡಿಗಳ ಎಳೆತವನ್ನು ಅಳೆದು ನೋಡಿತು. ಎತ್ತರದ ಚಕ್ರವೇ ಹಗುರವೆಂದು ಅದು ಒಪ್ಪಿತು. ಆದರೂ ಮುಂದಿನ ಚಕ್ರವನ್ನು 30–36 ಅಂಗುಲಕ್ಕೆ, ಹಿಂದಿನದನ್ನು 40–44 ಅಂಗುಲಕ್ಕೆ ಇಳಿಸಿದಾಗ ಎಳೆತದಲ್ಲಾಗುವ ನಷ್ಟಕ್ಕಿಂತ ಸರಕು ಏರಿಸಿ ಇಳಿಸುವುದರಲ್ಲಿ ಸಿಗುವ ಅನುಕೂಲವೇ ದೊಡ್ಡದೆಂದು ತೀರ್ಮಾನಿಸಿತು. ಎತ್ತರವೆಂಬುದು ಕೆಟ್ಟ ದಾರಿಗೆ ತೆರುವ ಸುಂಕ, ದಾರಿ ಕೇಳದಿದ್ದರೆ ಅದನ್ನು ತೆರಬೇಕಾಗಿಲ್ಲ ಎಂಬುದು ಆ ಅಳತೆಗಳಿಂದ ಹೊರಡುವ ಪಾಠ.

ಪಿಕಪ್‌ನ ಇತಿಹಾಸ ಈ ಪಾಠಕ್ಕೆ ಬೆನ್ನು ತಿರುಗಿಸಿ ನಡೆದಿದೆ. 1925ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರಿಗೆ ಜೋಡಿಸಿ 281 ಡಾಲರಿಗೆ ಮಾರಿದ ಪಿಕಪ್ ಬಾಡಿಯ ಉದ್ದ 56 ಅಂಗುಲ, ಆಳ ಕೇವಲ 13 ಅಂಗುಲ. ಪಕ್ಕದಲ್ಲಿ ನಿಂತವನು ಬಗ್ಗಿ ತಳದ ಸಾಮಾನನ್ನು ತೆಗೆಯಬಹುದಿತ್ತು. ಮುಂದೆ ಬಂದ ಮಾದರಿಗಳಲ್ಲಿ ಬಾಡಿಯ ಹೊರಗೆ, ಹಿಂಚಕ್ರದ ಮುಂದೆ ಕಾಲಿಡಲು ಒಂದು ಮೆಟ್ಟಿಲೂ ಇರುತ್ತಿತ್ತು. 1955ರ ಶೆವ್ರೊಲೆ ಕ್ಯಾಮಿಯೊ, 1957ರ ಫೋರ್ಡ್ ಸ್ಟೈಲ್‌ಸೈಡ್ ಮಾದರಿಗಳು ಪಕ್ಕವನ್ನು ಒಂದೇ ನುಣುಪು ತಗಡಾಗಿಸಿದಾಗ ನೋಟ ಸುಧಾರಿಸಿತು, ಮೆಟ್ಟಿಲು ಹೋಯಿತು. ಅದೇ ಹೊತ್ತಿಗೆ, 1957ರಲ್ಲಿ ಶೆವ್ರೊಲೆ ಮತ್ತು 1959ರಲ್ಲಿ ಫೋರ್ಡ್, ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಪಿಕಪ್‌ಗಳನ್ನು ಕಾರ್ಖಾನೆಯಲ್ಲೇ ಮಾಡತೊಡಗಿದವು. ಆ ಏರ್ಪಾಟು ಬಾಡಿಯನ್ನು ಮತ್ತಷ್ಟು ಮೇಲೆತ್ತಿತು. ದೇಶದ ಉದ್ದಗಲಕ್ಕೂ ಹೆದ್ದಾರಿಗಳನ್ನು ಕಟ್ಟುವ ಕಾಯ್ದೆ ಬಂದದ್ದು 1956ರಲ್ಲಿ. ದಾರಿ ಸಪಾಟಾಗುತ್ತ ಹೋದ ದಶಕಗಳಲ್ಲೇ ಗಾಡಿ ಎತ್ತರವಾಗುತ್ತ ಹೋಯಿತು. ಇಂದಿನ ದೊಡ್ಡ ಪಿಕಪ್‌ಗಳಲ್ಲಿ ಬಾಡಿಯ ತಳವೇ ನೆಲದಿಂದ ಸುಮಾರು 3 ಅಡಿ ಮೇಲಿದೆ. ಅದರ ಮೇಲೆ ಪಕ್ಕದ ಗೋಡೆ ಇನ್ನೂ ಒಂದೂವರೆ ಅಡಿಗಿಂತ ಹೆಚ್ಚು ಏರುತ್ತದೆ.

ಗೋಡೆ ಎತ್ತರವಾದರೆ ಸರಕು ಹೆಚ್ಚು ಹಿಡಿಯುತ್ತದೆ, ಚೆಲ್ಲುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಒಣ ಎಲೆ, ಮರದ ಚಕ್ಕೆ, ಗೊಬ್ಬರದಂಥ ಸಡಿಲ ಸರಕಿಗೆ ಆಳ ಬೇಕೇ ಬೇಕು. ಆದರೆ ಆಳ ಬೇರೆ, ಎತ್ತರ ಬೇರೆ. ತಳವನ್ನು ಇಳಿಸಿಯೂ ಆಳ ಪಡೆಯಬಹುದು, ಗೋಡೆಯನ್ನು ಮಡಚುವಂತೆಯೂ ಮಾಡಬಹುದು. 1961ರಲ್ಲಿ ಬಂದ ಶೆವ್ರೊಲೆಯ ಕಾರ್ವೇರ್ ರ‍್ಯಾಂಪ್‌ಸೈಡ್ ಪಿಕಪ್‌ನಲ್ಲಿ ಎಂಜಿನ್ ಹಿಂದಿತ್ತು, ನಡುಭಾಗದ ತಳ ತಗ್ಗಿನಲ್ಲಿತ್ತು. ಪಕ್ಕದ ಗೋಡೆ ಕೆಳಗೆ ಬಿದ್ದು ಇಳಿಜಾರು ಹಲಗೆಯಾಗುತ್ತಿತ್ತು, ಭಾರದ ಸಾಮಾನನ್ನು ಎತ್ತದೆ ಉರುಳಿಸಿಯೇ ಒಳಗೆ ತರಬಹುದಿತ್ತು. ಜಪಾನಿನ ಕೇ ಟ್ರಕ್ ಎಂಬ ಪುಟ್ಟ ಸರಕು ಗಾಡಿಗಳು ಇಂದಿಗೂ ಇದೇ ದಾರಿಯಲ್ಲಿವೆ. ಅವುಗಳ ತಳ ನೆಲದಿಂದ ಸುಮಾರು 65 ಸೆಂ.ಮೀ., ಮೂರು ಕಡೆಯ ಹಲಗೆಗಳೂ ಕೆಳಗೆ ಬೀಳುತ್ತವೆ. ಅವು ಹೊರುವುದು 350 ಕೆಜಿ ಮಾತ್ರ, ದೊಡ್ಡ ಪಿಕಪ್‌ಗೆ ಸಾಟಿಯಲ್ಲ, ನಿಜ. ಆದರೂ 25 ವರ್ಷ ಹಳೆಯ ಕೇ ಟ್ರಕ್‌ಗಳನ್ನು ಅಮೆರಿಕದ ರೈತರು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದಾರೆ. ಹೊಲದ ದಿನನಿತ್ಯದ ಕೆಲಸಕ್ಕೆ ಏನು ಒಗ್ಗುತ್ತದೆಂದು ಅವರು ತಿಳಿಯದವರಲ್ಲ.

ಈಗ ಸರಕು ಏರಿಸುವುದು ಯಂತ್ರವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಉಗ್ರಾಣದಲ್ಲಿ ಫೋರ್ಕ್‌ಲಿಫ್ಟ್ ಇರುತ್ತದೆ, ಸರಕು ಇಳಿಯುವ ಮನೆಯಂಗಳದಲ್ಲಿ ಇರುವುದಿಲ್ಲ. ಉಗ್ರಾಣದಲ್ಲಿ ಸರಕು ಏರಿಸುವ ಕಟ್ಟೆಗಳಿಗೂ ಪಿಕಪ್‌ನ ಎತ್ತರ ಹೊಂದುವುದಿಲ್ಲ. ಅವು ಸಾಮಾನ್ಯವಾಗಿ 4 ಅಡಿ ಎತ್ತರದ, ದೊಡ್ಡ ಲಾರಿಗಳಿಗೆಂದು ಕಟ್ಟಿದವು. ಕೈಯಿಂದಲೇ ಎತ್ತಬೇಕಾದಾಗ ಮೈ ಏನು ತಾಳುತ್ತದೆ ಎಂಬುದನ್ನು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಹೇಳಿದೆ. ಎಲ್ಲವೂ ಅನುಕೂಲವಾಗಿದ್ದಾಗ 23 ಕೆಜಿ ಮಿತಿ. ಕೈಗೆ ಹಿತವಾದ ಎತ್ತರ 75 ಸೆಂ.ಮೀ. ಹೊರೆ ಮೈಯಿಂದ 25 ಸೆಂ.ಮೀ. ಬದಲು 50 ಸೆಂ.ಮೀ. ದೂರವಾದರೆ ಮಿತಿ ಅರ್ಧಕ್ಕಿಳಿಯುತ್ತದೆ. ಎತ್ತರದ ಗೋಡೆಯ ಮೇಲಿಂದ ಕೈಚಾಚಿ ಎತ್ತುವವನು ಈ ಎರಡು ಲೆಕ್ಕದಲ್ಲೂ ಸೋಲುತ್ತಾನೆ.

ಕಂಪನಿಗಳಿಗೂ ಇದು ತಿಳಿದಿದೆ. ಈಚಿನ ಪಿಕಪ್‌ಗಳ ಹಿಂಬಾಗಿಲಿನಲ್ಲಿ ಮಡಚುವ ಮೆಟ್ಟಿಲು, ಬಂಪರಿನ ಮೂಲೆಯಲ್ಲಿ ಕಾಲಿಡುವ ಗುಳಿ ಬಂದಿರುವುದು ಸುಮ್ಮನೆ ಅಲ್ಲ. ಇವು ಉಪಯುಕ್ತವೇ, ಆದರೆ ಮೆಟ್ಟಿಲು ಆಳನ್ನು ಮೇಲೇರಿಸಬಲ್ಲದೇ ಹೊರತು ಮೂಟೆಯನ್ನಲ್ಲ. ಗಣಿ, ಕಾಡು, ಹಿಮದ ದಾರಿಯಲ್ಲಿ ದುಡಿಯುವವರಿಗೆ ಎತ್ತರದ ಗಾಡಿ ಖಂಡಿತ ಬೇಕು. ಉಳಿದವರಿಗೆ ಗಾಡಿ ಎಷ್ಟು ಟನ್ ಎಳೆಯುತ್ತದೆ ಎನ್ನುವಷ್ಟೇ ದೊಡ್ಡ ಅಕ್ಷರದಲ್ಲಿ ಬಾಡಿಯ ತಳ ನೆಲದಿಂದ ಎಷ್ಟು ಮೇಲಿದೆ ಎಂಬುದನ್ನೂ ಮುದ್ರಿಸಿ ಹೇಳಬೇಕು. ಕುದುರೆಯ ಎಳೆತವನ್ನೂ ರೈತನ ಬೆನ್ನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದ ನಾಡಿಗೆ ಆ ಲೆಕ್ಕ ಹೊಸದೇನಲ್ಲ.