ಮಂಗಳೂರು ವಿಮಾನ ದುರಂತ (2010): ಜನಸ್ಪಂದನ ಮತ್ತು ಸ್ಮರಣೆ

2010ರ ಮೇ 22ರಂದು ಮಂಗಳೂರಿನಲ್ಲಿ ನಡೆದ ವಿಮಾನ ಅಪಘಾತದ ತರುವಾಯ ಸ್ಥಳೀಯರು, ಸರ್ಕಾರ ಹಾಗೂ ಮೃತರ ಬಂಧುಗಳು ಕೈಗೊಂಡ ರಕ್ಷಣೆ, ಅಂತ್ಯಸಂಸ್ಕಾರ, ವ್ಯಾಜ್ಯ ಮತ್ತು ಸ್ಮರಣೆಯ ಕಾರ್ಯಗಳು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಬೋಯಿಂಗ್ 737-800 ವಿಮಾನ ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಮೃತರಲ್ಲಿ ಬಹುಪಾಲು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯವರು. ಹಲವರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದವರು.

ಮೊದಲು ನೆರವಿಗೆ ಧಾವಿಸಿದವರು ಸುತ್ತಲಿನ ಊರಿನವರು. ಬದುಕುಳಿದವರು 8 ಮಂದಿ. ಶವಗಳನ್ನು ವೆನ್ಲಾಕ್ ಸೇರಿದಂತೆ ನಗರದ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಸುಟ್ಟು ಕರಕಲಾದ ದೇಹಗಳ ಗುರುತಿಗೆ ಹೈದರಾಬಾದಿನಲ್ಲಿ ಡಿಎನ್ಎ ಪರೀಕ್ಷೆ ನಡೆಯಿತು. ಕೊನೆಗೂ ಗುರುತು ಸಿಗದ 12 ದೇಹಗಳನ್ನು ಕೂಳೂರು-ತಣ್ಣೀರುಬಾವಿ ರಸ್ತೆಯ ಬಳಿ, ಫಲ್ಗುಣಿ ನದಿಯ ದಡದಲ್ಲಿ, ಒಟ್ಟಾಗಿ ಸಮಾಧಿ ಮಾಡಲಾಯಿತು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣೆ, ಅಸ್ಥಿರವಾದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡದಿದ್ದುದೇ ಅಪಘಾತದ ನೇರ ಕಾರಣವೆಂದಿತು. ಎಲ್ಲಕ್ಕಿಂತ ದೀರ್ಘವಾದದ್ದು ಪರಿಹಾರದ ಹೋರಾಟ. ಮೃತರ ಕುಟುಂಬಗಳಿಗೆ ತಲಾ ಕನಿಷ್ಠ 75 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ನೀಡಿದ ತೀರ್ಪನ್ನು ವಿಭಾಗೀಯ ಪೀಠ ಬದಿಗೊತ್ತಿತು. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. 2020ರಲ್ಲಿ ಒಂದು ಪ್ರಕರಣದಲ್ಲಿ ಆ ನ್ಯಾಯಾಲಯ 7.64 ಕೋಟಿ ರೂಪಾಯಿ ನಿಗದಿಪಡಿಸಿತು.

ಸಮಾಧಿಯ ಸ್ಥಳದಲ್ಲಿ ಈಗ ಸ್ಮಾರಕ ಉದ್ಯಾನವಿದೆ; ಪ್ರತಿ ಮೇ 22ರಂದು ಜಿಲ್ಲಾಡಳಿತ ಅಲ್ಲಿ ಶ್ರದ್ಧಾಂಜಲಿ ಸಲ್ಲಿಸುತ್ತದೆ.