ಹೆದರಿದವರಿಗೆ ಹೇಳಿದ ಮಾತು

ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ (1819) ಕಾದಂಬರಿಯಲ್ಲಿ ವಿದೂಷಕ ವಾಂಬ ಸನ್ಯಾಸಿಯ ವೇಷ ತೊಟ್ಟು ಶತ್ರುಗಳ ಕೋಟೆ ಹೊಗುತ್ತಾನೆ. ಅಲ್ಲಿ ಅವನನ್ನು ಕಾಯುವುದು ಎರಡು ಲ್ಯಾಟಿನ್ ಪದ: ‘ಪಾಕ್ಸ್ ವೋಬಿಸ್ಕುಮ್’, ಶಾಂತಿ ನಿಮ್ಮೊಂದಿಗಿರಲಿ. ಈ ಮಾತು ಮೂಲದಲ್ಲಿ ಯಾರದು ಎಂದು ಹುಡುಕಲು ಹೊರಟೆ.

ಪುನರುತ್ಥಾನದ ನಂತರ ಯೇಸು ಶಿಷ್ಯರಿಗೆ ಹೇಳಿದ್ದೇ ಇದು ಎಂದುಕೊಂಡಿದ್ದೆ. ಜೆರೋಮ್‌ನ ಲ್ಯಾಟಿನ್ ಬೈಬಲ್ ‘ವಲ್ಗೇಟ್’ ತೆರೆದೆ. ಯೋಹಾನನ 20ನೆಯ ಅಧ್ಯಾಯದಲ್ಲಿ ಈ ಹರಕೆ ಮೂರು ಸಲ ಬರುತ್ತದೆ. ಮೂರು ಸಲವೂ ‘ಪಾಕ್ಸ್ ವೋಬಿಸ್’. ಲೂಕನ 24:36ರಲ್ಲೂ ಅದೇ. ‘ವೋಬಿಸ್’ ಎಂದರೆ ನಿಮಗೆ, ‘ವೋಬಿಸ್ಕುಮ್’ ಎಂದರೆ ನಿಮ್ಮೊಂದಿಗೆ. ನಮ್ಮ ‘ಒಂದಿಗೆ’ಯಂತೆ ಲ್ಯಾಟಿನ್ನಿನ ‘ಕುಮ್’ ಕೂಡ ಇಲ್ಲಿ ಸರ್ವನಾಮದ ಬಾಲಕ್ಕೆ ಅಂಟಿಕೊಳ್ಳುತ್ತದೆ.

ಪೂಜಾವಿಧಿಯ ಪುಸ್ತಕಗಳನ್ನು ತಿರುವಿದೆ. ಹಳೆಯ ಲ್ಯಾಟಿನ್ ಬಲಿಪೂಜೆಯಲ್ಲಿ ‘ಪಾಕ್ಸ್ ವೋಬಿಸ್’ ಬಿಷಪರಿಗೆ ಮೀಸಲಾದ ಹರಕೆ. ಪಾದ್ರಿಗಳ ಪಾಲಿಗೆ ಇದ್ದದ್ದು ‘ದೋಮಿನುಸ್ ವೋಬಿಸ್ಕುಮ್’, ಪ್ರಭು ನಿಮ್ಮೊಂದಿಗಿರಲಿ. ನಾನು ಅರಸುತ್ತಿದ್ದ ಜೋಡಿ ಇಲ್ಲೂ ಸಿಗಲಿಲ್ಲ.

ಕೊನೆಗೆ ಅದು ಸಿಕ್ಕಿದ್ದು ಹಳೆಯ ಒಡಂಬಡಿಕೆಯಲ್ಲಿ, ಆದಿಕಾಂಡ 43:23ರಲ್ಲಿ. ಬರಗಾಲ. ಧಾನ್ಯ ಕೊಳ್ಳಲು ಯೋಸೇಫನ ಅಣ್ಣತಮ್ಮಂದಿರು ಎರಡನೆಯ ಸಲ ಈಜಿಪ್ಟಿಗೆ ಬಂದಿದ್ದಾರೆ. ಹಿಂದಿನ ಸಲ ಕೊಟ್ಟ ಹಣ ಅವರ ಚೀಲಗಳಲ್ಲೇ ಮರಳಿ ಸಿಕ್ಕಿದೆ. ಕಳ್ಳತನದ ಆರೋಪ ಹೊರಿಸಿ ಗುಲಾಮರನ್ನಾಗಿ ಮಾಡಿಯಾರೆಂದು ನಡುಗುತ್ತ, ಯೋಸೇಫನ ಮನೆಯ ಬಾಗಿಲಲ್ಲೇ ನಿಂತು ಮೇಲ್ವಿಚಾರಕನಿಗೆ ಎಲ್ಲ ಒಪ್ಪಿಸುತ್ತಾರೆ. ‘ಪಾಕ್ಸ್ ವೋಬಿಸ್ಕುಮ್’ ಎನ್ನುವವನು ಆ ಮೇಲ್ವಿಚಾರಕ. ಪ್ರವಾದಿಯಲ್ಲ, ಪುರೋಹಿತನಲ್ಲ, ಮನೆವಾರ್ತೆ ನೋಡಿಕೊಳ್ಳುವ ಆಳು. ಮರುಕ್ಷಣವೇ ಹೆದರಬೇಡಿ ಎನ್ನುತ್ತಾನೆ. ಹೀಬ್ರೂ ಮೂಲದಲ್ಲಿರುವುದು ‘ಶಾಲೋಮ್ ಲಾಖೆಮ್’, ನಿಮಗೆ ಶಾಂತಿ. ‘ನಿಮ್ಮೊಂದಿಗೆ’ ಎಂಬುದು ಜೆರೋಮ್ ಕೊಟ್ಟ ರೂಪ.

ಮತ್ತೆ ಹಿಂದಿನ ಪುಟಗಳಿಗೆ ಹೋದೆ. ಯೋಹಾನನಲ್ಲಿ ಶಿಷ್ಯರು ಭಯದಿಂದ ಬಾಗಿಲು ಹಾಕಿಕೊಂಡು ಕುಳಿತಿದ್ದಾರೆ. ಲೂಕನಲ್ಲಿ ಭೂತ ಕಂಡವರಂತೆ ಬೆಚ್ಚಿದ್ದಾರೆ. ನ್ಯಾಯಸ್ಥಾಪಕರು 6:23ರಲ್ಲಿ ದೇವದೂತನನ್ನು ಕಂಡು ತಾನು ಸಾಯುವೆನೆಂದು ಗಿದ್ಯೋನ ಅಂಜಿದಾಗ ಕೇಳಿಬರುವುದು ‘ಪಾಕ್ಸ್ ತೇಕುಮ್’, ಶಾಂತಿ ನಿನ್ನೊಂದಿಗಿರಲಿ.

‘ಪಾಕ್ಸ್’ ಎಂಬ ಪದಕ್ಕೆ ಒಪ್ಪಂದ ಎಂಬರ್ಥದ ನಂಟಿದೆ. ‘ಶಾಲೋಮ್’ ಧಾತುವಿಗೆ ಇಡಿಯಾಗಿರುವುದು ಎಂಬ ಅರ್ಥ. ಕನ್ನಡ ಬೈಬಲ್ ಇದಕ್ಕೆ ‘ಸಮಾಧಾನ’ ಎಂಬ ಪದವನ್ನು ಆರಿಸಿಕೊಂಡಿದೆ. ಅಳುವ ಮಗುವಿಗೂ ನೊಂದವರಿಗೂ ನಾವು ಮಾಡುವುದು ಸಮಾಧಾನವನ್ನೇ. ಬಾಗಿಲಲ್ಲಿ ನಡುಗುತ್ತ ನಿಂತವರಿಗೆ ಹೇಳಿದ ಮಾತಿಗೆ ಇದಕ್ಕಿಂತ ಸರಿಯಾದ ಪದ ಇನ್ನೊಂದಿಲ್ಲ.